ಕಡವು ದಾಟಿ ಸಾಗುವ ಒಂದು ದಿನ: ಕರಾವಳಿಯ ನಾಲ್ಕು ಬೈಕ್ ದಾರಿಗಳ ಹೋಲಿಕೆ

ಕರಾವಳಿಯಲ್ಲಿ ಒಂದು ದಿನದ ಬೈಕ್ ಪ್ರಯಾಣಕ್ಕೆ ದಾರಿ ಹುಡುಕುವವರು ಮೊದಲು ಕಿಲೋಮೀಟರುಗಳನ್ನು ಲೆಕ್ಕ ಹಾಕುತ್ತಾರೆ, ಆಮೇಲೆ ಸಮುದ್ರ ಎಷ್ಟು ಹೊತ್ತು ಕಣ್ಣಿಗೆ ಬೀಳುತ್ತದೆ ಎಂದು ನೋಡುತ್ತಾರೆ. ಹಲವು ವರ್ಷ ಈ ದಾರಿಗಳಲ್ಲಿ ಓಡಾಡಿದ ಮೇಲೆ ನನಗೆ ಮನದಟ್ಟಾಗಿರುವುದು ಬೇರೆಯೇ. ದಿನವನ್ನು ನಿರ್ಧರಿಸುವುದು ರಸ್ತೆಯಲ್ಲ, ರಸ್ತೆ ಮುಗಿಯುವಲ್ಲಿ ಕಾದಿರುವ ದೋಣಿ. ದಕ್ಷಿಣದವರು ಕಡವು ಎನ್ನುವ, ಉತ್ತರ ಕನ್ನಡದವರು ತಾರಿ ಎನ್ನುವ ಆ ಸ್ಥಳ ಎಂಥದು, ಅಲ್ಲಿ ಯಾವ ಬಗೆಯ ದೋಣಿ ಇದೆ, ಅದು ಎಷ್ಟು ಹೊತ್ತಿಗೆ ಹೊರಡುತ್ತದೆ, ನಿಮ್ಮ ಬೈಕನ್ನು ಅದು ಹೊರಬಲ್ಲುದೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಉಳಿದ ಆಯ್ಕೆಗಳು ತಾವಾಗಿಯೇ ಸರಳವಾಗುತ್ತವೆ.

ಇದಕ್ಕೆ ಕಾರಣ ಈ ನೆಲದ ರಚನೆಯಲ್ಲೇ ಇದೆ. ಪಶ್ಚಿಮ ಘಟ್ಟದಿಂದ ಇಳಿಯುವ ನದಿಗಳು ಉದ್ದದಲ್ಲಿ ಚಿಕ್ಕವು, ಆದರೆ ಸಮುದ್ರ ಸೇರುವಲ್ಲಿ ಅಗಲವಾದ ಅಳಿವೆಗಳನ್ನು ಮಾಡಿಕೊಂಡಿವೆ. ಹೆದ್ದಾರಿ ಕಟ್ಟಿದವರು ಸೇತುವೆಗೆ ಅನುಕೂಲವಾಗಲೆಂದು ಅಳಿವೆಯಿಂದ ಹಿಂದೆ ಸರಿದು, ನದಿ ಕಿರಿದಾದ ಜಾಗಗಳನ್ನು ಆರಿಸಿಕೊಂಡರು. ಹೀಗಾಗಿ ರಾಷ್ಟ್ರೀಯ ಹೆದ್ದಾರಿ 66 ಕರಾವಳಿಯ ರಸ್ತೆ ಎಂದು ಹೆಸರಾಗಿದ್ದರೂ ಅದರ ಬಹುಭಾಗದಲ್ಲಿ ಸಮುದ್ರ ಕಾಣುವುದಿಲ್ಲ. ನಿಜವಾಗಿ ತೀರಕ್ಕೆ ಅಂಟಿಕೊಂಡು ಸಾಗುವ ಊರ ರಸ್ತೆಗಳು ಪ್ರತಿಯೊಂದು ಅಳಿವೆಯ ಬಾಯಿಯಲ್ಲಿ ನಿಂತುಬಿಡುತ್ತವೆ. ಎಲ್ಲಿ ದೋಣಿ ಇದೆಯೋ ಅಲ್ಲಿ ಮಾತ್ರ ಆ ರಸ್ತೆ ಆಚೆ ದಡದಲ್ಲಿ ಮುಂದುವರಿಯುತ್ತದೆ.

ಇಂತಹ ಕಡವುಗಳು ಕಡಿಮೆಯಾಗುತ್ತಿವೆ. ಶರಾವತಿ ಹಿನ್ನೀರಿನಲ್ಲಿ ದಶಕಗಳ ಕಾಲ ಸಿಗಂದೂರಿನ ಕಡೆಗೆ ಜನರನ್ನೂ ವಾಹನಗಳನ್ನೂ ದಾಟಿಸುತ್ತಿದ್ದ ಲಾಂಚಿನ ದಾರಿಗೆ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂತು. ಅಲ್ಲಿನ ಜನರ ಬಹುಕಾಲದ ಕಷ್ಟ ಅದರಿಂದ ತೀರಿತು, ಅದು ಸಂತೋಷದ ವಿಷಯವೇ. ಆದರೆ ದೋಣಿಯಲ್ಲಿ ಬೈಕಿನೊಂದಿಗೆ ನೀರು ದಾಟುವ ಅನುಭವ ಬೇಕೆಂದಿರುವವರು ಅದು ಎಲ್ಲಿ ಉಳಿದಿದೆ ಎಂದು ಹುಡುಕಿಕೊಂಡು ಹೋಗಬೇಕಾದ ಕಾಲ ಇದು. ಕರ್ನಾಟಕದವರಿಗೆ ಎಟುಕುವ ನಾಲ್ಕು ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ: ಮಂಗಳೂರಿನಿಂದ ಬೈಂದೂರು, ಹೊನ್ನಾವರದಿಂದ ಕಾರವಾರ, ಪಣಜಿಯ ಸುತ್ತಲಿನ ನದಿ ದ್ವೀಪಗಳು, ಮಹಾರಾಷ್ಟ್ರದ ರತ್ನಾಗಿರಿಯಿಂದ ಹರ್ಣೈ.

ಮೊದಲು ದಿಕ್ಕು, ಆಮೇಲೆ ದಾರಿ

ಪಣಜಿಯ ಸುತ್ತನ್ನು ಬಿಟ್ಟು ಉಳಿದ ಮೂರರಲ್ಲಿ ಯಾವುದನ್ನು ಆರಿಸಿದರೂ ದಕ್ಷಿಣದಿಂದ ಉತ್ತರಕ್ಕೆ ಹೋಗುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾವು ರಸ್ತೆಯ ಎಡಭಾಗದಲ್ಲಿ ಓಡಿಸುವವರು, ನಮ್ಮ ಸಮುದ್ರ ಇರುವುದು ಪಶ್ಚಿಮಕ್ಕೆ. ಉತ್ತರಕ್ಕೆ ಮುಖ ಮಾಡಿದಾಗ ಸಮುದ್ರ ನಮ್ಮ ಎಡಗೈಯ ಪಕ್ಕದಲ್ಲೇ ಬರುತ್ತದೆ. ನಿಲ್ಲಬೇಕೆನಿಸಿದಲ್ಲಿ ರಸ್ತೆಯ ಅಂಚಿಗೆ ಸರಿದು ನಿಲ್ಲಬಹುದು. ದಕ್ಷಿಣಕ್ಕೆ ಹೋಗುವವರು ಅದೇ ನೋಟಕ್ಕಾಗಿ ಎದುರಿನಿಂದ ಬರುವ ಲಾರಿಗಳ ಸಾಲನ್ನು ದಾಟಬೇಕು, ನಾಲ್ಕು ಪಥದ ಹೆದ್ದಾರಿಯಾದರೆ ವಿಭಜಕ ಮುಗಿಯುವ ತನಕ ಹೋಗಿ ತಿರುಗಿ ಬರಬೇಕು. ಮರವಂತೆಯಲ್ಲಿ ಈ ವ್ಯತ್ಯಾಸ ಬಹಳ ಸ್ಪಷ್ಟವಾಗಿ ತಿಳಿಯುತ್ತದೆ.

ಋತುವಿನ ವಿಷಯದಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳೇ ಯೋಗ್ಯ. ಮಾರ್ಚ್ ನಂತರ ಬಿಸಿಲಿಗಿಂತ ಸೆಕೆ ಹೆಚ್ಚು ಕಾಡುತ್ತದೆ, ಜಾಕೆಟ್ ತೊಟ್ಟು ಕಡವಿನ ಬಳಿ ಅರ್ಧ ಗಂಟೆ ನಿಂತರೆ ದೇಹದ ಶಕ್ತಿಯೆಲ್ಲ ಸೋರಿಹೋಗುತ್ತದೆ. ಮಳೆಗಾಲದಲ್ಲಿ ನದಿಗಳು ತುಂಬಿದಾಗ ಸಣ್ಣ ಕಡವುಗಳು ನಿಲ್ಲುತ್ತವೆ, ಘಟ್ಟದ ಅಂಚನ್ನು ಕಡಿದು ಮಾಡಿದ ರಸ್ತೆಗಳಲ್ಲಿ ಗುಡ್ಡ ಕುಸಿಯುವ ಭಯವಿದೆ. 2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ, ದಾರಿಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತವರನ್ನೂ ಗಂಗಾವಳಿ ನದಿಗೆ ತಳ್ಳಿತ್ತು. ಅದೇ ವರ್ಷದ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಈ ಎರಡೂ ಘಟನೆಗಳು ನಡೆದದ್ದು ನಾನು ಇಲ್ಲಿ ಹೇಳುತ್ತಿರುವ ದಾರಿಯ ಮೇಲೆ ಅಥವಾ ಅದರ ಅಂಚಿನಲ್ಲಿ. ಮಳೆಗಾಲದ ಕರಾವಳಿ ಎಷ್ಟೇ ಸುಂದರವಾಗಿದ್ದರೂ ಅದನ್ನು ರೈಲಿನ ಕಿಟಕಿಯಿಂದ ನೋಡುವುದೇ ಲೇಸು.

ಮಂಗಳೂರಿನಿಂದ ಬೈಂದೂರು: ಮೊದಲ ಸಲ ಹೊರಡುವವರಿಗೆ

ಸುಮಾರು 135 ಕಿಲೋಮೀಟರುಗಳ ಈ ದಾರಿಯಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ ದಾಟುವವರೆಗೆ ಹೆದ್ದಾರಿಯಲ್ಲೇ ಹೋಗಬೇಕು. ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಅಗತ್ಯವಿಲ್ಲ. ನಿಜವಾದ ಪ್ರಯಾಣ ಶುರುವಾಗುವುದು ಕಾಪುವಿನಲ್ಲಿ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭವನ್ನು ಬೆಳಗಿನ ಬೆಳಕಿನಲ್ಲಿ ನೋಡಿ, ಹೆದ್ದಾರಿಗೆ ಮರಳದೆ ಮಟ್ಟು ಕಡೆಗೆ ಹೋಗುವ ಊರ ರಸ್ತೆ ಹಿಡಿದರೆ, ಒಂದು ಬದಿಯಲ್ಲಿ ಕಡಲು ಇನ್ನೊಂದು ಬದಿಯಲ್ಲಿ ಹೊಳೆ ಇರುವ ಕಿರಿದಾದ ಪಟ್ಟಿಯ ಮೇಲೆ ಪಡುಕೆರೆಯವರೆಗೆ ಸಾಗಬಹುದು. ಉಡುಪಿಯ ಅಡುಗೆಯಲ್ಲಿ ಹೆಸರು ಮಾಡಿರುವ ಮಟ್ಟುಗುಳ್ಳ ಬದನೆ ಬೆಳೆಯುವ ಗದ್ದೆಗಳು ಈ ಭಾಗದಲ್ಲೇ ಇವೆ. ರಸ್ತೆ ಮನೆಗಳ ಅಂಗಳವನ್ನು ಸವರಿಕೊಂಡು ಹೋಗುತ್ತದೆ, ಮಕ್ಕಳು, ಕೋಳಿ, ಒಣಗಲು ಹಾಕಿದ ಬಲೆ ಎಲ್ಲವೂ ಎದುರಾಗುತ್ತವೆ. ಮೂವತ್ತರ ವೇಗಕ್ಕಿಂತ ಹೆಚ್ಚು ಇಲ್ಲಿ ಸಲ್ಲದು. ಕಡಲ್ಕೊರೆತವಾದ ಕಡೆಗಳಲ್ಲಿ ತಿರುವಿನಲ್ಲೇ ಮರಳು ಹರಡಿರುತ್ತದೆ, ಅದರ ಮೇಲೆ ಬ್ರೇಕ್ ಒತ್ತಬಾರದು.

ಮಲ್ಪೆಯಿಂದ ಮುಂದೆ ಹೂಡೆ ದಾಟಿ ಕೋಡಿಬೆಂಗ್ರೆಗೆ ಹೋಗುವ ರಸ್ತೆಯನ್ನು ನಾನು ಇಡೀ ದಕ್ಷಿಣ ಭಾಗದ ಅತ್ಯುತ್ತಮ ರಸ್ತೆ ಎಂದು ಹೇಳುತ್ತೇನೆ. ಬಲಕ್ಕೆ ಸುವರ್ಣಾ ನದಿ ಮತ್ತು ಕುದ್ರುಗಳೆಂಬ ಅದರ ನದಿ ದ್ವೀಪಗಳು, ಎಡಕ್ಕೆ ಸಮುದ್ರ, ನಡುವೆ ತೆಂಗಿನ ತೋಪಿನ ತೆಳುವಾದ ಪಟ್ಟಿ. ಮುಂದೆ ಹೋದಂತೆ ಆ ಪಟ್ಟಿ ಕಿರಿದಾಗುತ್ತ ಬಂದು, ಸೀತಾ ಮತ್ತು ಸುವರ್ಣಾ ಎರಡೂ ಕೂಡಿ ಕಡಲು ಸೇರುವ ಅಳಿವೆಯಲ್ಲಿ ಮುಗಿಯುತ್ತದೆ. ಅಲ್ಲಿಂದ ಆಚೆ ದಡದ ಹಂಗಾರಕಟ್ಟೆಗೆ ಬಾರ್ಜ್ ಇದೆ. ಸಮತಟ್ಟಾದ ಹಾಸು, ಮುಂದೆ ಇಳಿಸುವ ಕಬ್ಬಿಣದ ಹಲಗೆ, ಬೈಕುಗಳ ಜೊತೆ ಕಾರುಗಳನ್ನೂ ಹೊರುವ ಶಕ್ತಿ. ದಾಟಲು ಕೆಲವೇ ನಿಮಿಷ. ರಸ್ತೆಯಲ್ಲಿ ಸುತ್ತಿ ಬರುವುದಾದರೆ ಸಂತೆಕಟ್ಟೆ, ಬ್ರಹ್ಮಾವರ, ಸಾಸ್ತಾನದ ಮೂಲಕ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಆಗುತ್ತದೆ. ಬೆಂಗ್ರೆಯ ಜನರಿಗೆ ಈ ಬಾರ್ಜ್ ದಿನನಿತ್ಯದ ಬಸ್ಸಿನಂತೆ. ಬೆಳಿಗ್ಗೆ ಶಾಲೆಗೆ ಹೊರಟವರು, ಮೀನು ಮಾರಲು ಹೊರಟ ಹೆಂಗಸರು ಸಾಲಿನಲ್ಲಿದ್ದರೆ ಅವರನ್ನು ಮುಂದೆ ಬಿಟ್ಟು ನಾವು ಮುಂದಿನ ಸರದಿಗೆ ಕಾಯುವುದು ಧರ್ಮ. ನಮಗೆ ಇದು ವಿಹಾರ, ಅವರಿಗೆ ದುಡಿಮೆ.

ಹಂಗಾರಕಟ್ಟೆಯಿಂದ ಸಾಸ್ತಾನದಲ್ಲಿ ಹೆದ್ದಾರಿ ಸೇರಿ, ಶಿವರಾಮ ಕಾರಂತರ ಹುಟ್ಟೂರಾದ ಕೋಟವನ್ನು ಹಾದು, ಕುಂದಾಪುರದಲ್ಲಿ ಊಟ ಮುಗಿಸಿದರೆ ತ್ರಾಸಿ–ಮರವಂತೆಯ ಭಾಗ ಮಧ್ಯಾಹ್ನದ ನಂತರ ಸಿಗುತ್ತದೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವ ಈ ಜಾಗದ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಸಂಜೆಯ ಗಾಳಿ ಅಡ್ಡಲಾಗಿ ಬೀಸುವುದರಿಂದ ಹಗುರ ಬೈಕಿನವರು ಹ್ಯಾಂಡಲ್ ಬಿಗಿಹಿಡಿಯದೆ, ಮೊಣಕೈ ಸಡಿಲ ಬಿಟ್ಟು ಓಡಿಸಬೇಕು ಎಂಬ ಎಚ್ಚರಿಕೆ ಸಾಕು. ಸೂರ್ಯಾಸ್ತಕ್ಕೆ ಬೈಂದೂರಿನ ಒತ್ತಿನೆಣೆ ಗುಡ್ಡ ತಲುಪಿದರೆ ದಿನ ಸರಿಯಾಗಿ ಮುಗಿಯುತ್ತದೆ.

ಈ ದಾರಿಯ ಬಲ ಅದರ ಸುರಕ್ಷತೆ. ಒಂದೇ ಕಡವು, ಅದೂ ದೊಡ್ಡ ಬಾರ್ಜಿನದು. ಒಂದು ವೇಳೆ ಅದು ನಿಂತಿದ್ದರೂ ಸುತ್ತಿ ಹೋಗಲು ಒಂದು ಗಂಟೆ ಸಾಕು. ಹೆಂಡತಿಯನ್ನೋ ವಯಸ್ಸಾದ ತಂದೆಯನ್ನೋ ಹಿಂದೆ ಕೂರಿಸಿಕೊಂಡು ಹೋಗುವವರಿಗೆ, ಭಾರದ ಬೈಕ್ ಇರುವವರಿಗೆ, ಮೊದಲ ಬಾರಿಗೆ ಇಂತಹ ಪ್ರಯಾಣ ಮಾಡುವವರಿಗೆ ನಾನು ಯಾವ ಅನುಮಾನವೂ ಇಲ್ಲದೆ ಇದನ್ನೇ ಸೂಚಿಸುತ್ತೇನೆ. ಕೊರತೆ ಎಂದರೆ ಹೆದ್ದಾರಿಯ ಪಾಲು ಹೆಚ್ಚು. ನೂರಾ ಮೂವತ್ತೈದರಲ್ಲಿ ಮನಸ್ಸಿನಲ್ಲಿ ಉಳಿಯುವುದು ಐವತ್ತು ಕಿಲೋಮೀಟರು.

ಹೊನ್ನಾವರದಿಂದ ಕಾರವಾರ: ನನ್ನ ಆಯ್ಕೆ

ನಾಲ್ಕರಲ್ಲಿ ಅತ್ಯಂತ ಚಿಕ್ಕ ದೋಣಿ ಇರುವುದು ಈ ದಾರಿಯಲ್ಲಿ, ನನಗೆ ಅತ್ಯಂತ ಪ್ರಿಯವಾದುದೂ ಇದೇ. ಒಟ್ಟು ದೂರ 110ರಿಂದ 120 ಕಿಲೋಮೀಟರ್. ಬೆಂಗಳೂರಿನವರು ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಕರಾವಳಿಯಲ್ಲಿ ಇಳಿದು ಬಾಡಿಗೆ ಬೈಕ್ ಹಿಡಿಯುವ ಯೋಚನೆ ಮಾಡಬಹುದು. ಹುಬ್ಬಳ್ಳಿ, ಶಿರಸಿಯ ಕಡೆಯವರು ಸ್ವಂತ ಬೈಕಿನಲ್ಲೇ ಘಟ್ಟ ಇಳಿಯಬಹುದು.

ಹೊನ್ನಾವರದಲ್ಲಿ ಶರಾವತಿ ಸೇತುವೆಯ ದಕ್ಷಿಣಕ್ಕಿರುವ ಕಾಸರಕೋಡಿನಿಂದ ಹೊರಟರೆ ಒಳ್ಳೆಯದು. ಪಡುಬಿದ್ರಿಯ ಜೊತೆಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಸಿಗುವ ನೀಲಿ ಧ್ವಜದ ಮಾನ್ಯತೆ ಪಡೆದ ಕಡಲತೀರ ಅಲ್ಲಿದೆ. ಅಲ್ಲಿಂದ ಕುಮಟಾಕ್ಕೆ ಸುಮಾರು ಇಪ್ಪತ್ತೈದು ಕಿಲೋಮೀಟರ್, ಧಾರೇಶ್ವರದ ಬಳಿ ಒಮ್ಮೆ ನಿಂತರೆ ಸಾಕು. ಕುಮಟಾದಲ್ಲಿ ಹೆದ್ದಾರಿಯನ್ನು ಬಿಟ್ಟುಬಿಡಬೇಕು. ಹೆದ್ದಾರಿ ಇಲ್ಲಿಂದ ಒಳನಾಡಿಗೆ ಸರಿದು ಮಿರ್ಜಾನಿನ ಹತ್ತಿರ ಅಘನಾಶಿನಿಯನ್ನು ಸೇತುವೆಯಲ್ಲಿ ದಾಟುತ್ತದೆ. ನಾವು ಬಾಡದ ಮೂಲಕ ತೀರದ ಊರ ರಸ್ತೆ ಹಿಡಿದು, ನದಿಯ ಹೆಸರನ್ನೇ ಇಟ್ಟುಕೊಂಡ ಅಘನಾಶಿನಿ ಗ್ರಾಮಕ್ಕೆ ಹೋಗುತ್ತೇವೆ. ತೆಂಗು, ಕೆಂಪುಕಲ್ಲಿನ ಪಾಗಾರ, ಹಂಚಿನ ಮನೆಗಳ ನಡುವೆ ಬರುವ ಆ ರಸ್ತೆ ಒಂದು ಸಣ್ಣ ಜೆಟ್ಟಿಯ ಬಳಿ ನಿಲ್ಲುತ್ತದೆ. ಎದುರಿಗೆ ತದಡಿಯ ಮೀನುಗಾರಿಕಾ ಬಂದರು, ಸಾಲಾಗಿ ನಿಂತ ಬೋಟುಗಳು.

ಇಲ್ಲಿ ದಾಟಿಸುವುದು ಜನರ ಜೊತೆಗೆ ದ್ವಿಚಕ್ರ ವಾಹನಗಳನ್ನು ಮಾತ್ರ ಹೊರುವ ದೋಣಿ, ಕಾರಿನವರಿಗೆ ದಾರಿ ಇಲ್ಲ. ಇದರಿಂದಾಗಿಯೇ ಇದು ಬೈಕಿನವರಿಗೆ ಮೀಸಲಾದ ದಾರಿ ಎನಿಸುತ್ತದೆ. ಸ್ಕೂಟರ್, ನೂರೈವತ್ತು ಸಿಸಿಯ ಒಳಗಿನ ಬೈಕುಗಳನ್ನು ದೋಣಿಯವರು ಕ್ಷಣದಲ್ಲಿ ಹತ್ತಿಸುತ್ತಾರೆ. ಇನ್ನೂರು ಕಿಲೋ ತೂಗುವ, ಎರಡೂ ಬದಿಗೆ ಪೆಟ್ಟಿಗೆ ಕಟ್ಟಿದ ದೊಡ್ಡ ಬೈಕ್ ತಂದವರು ಮೊದಲು ಬೈಕನ್ನು ದೂರ ನಿಲ್ಲಿಸಿ, ನಡೆದುಹೋಗಿ ಕೇಳಿ, ಅವರು ಬೇಡ ಎಂದರೆ ವಾದ ಮಾಡದೆ ಹಿಂತಿರುಗಬೇಕು. ನೀರಿನ ಮಟ್ಟ, ದೋಣಿಯ ಭಾರ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ದೋಣಿ ಸಿಗದಿದ್ದರೆ ಕುಮಟಾಕ್ಕೆ ಮರಳಿ ಮಿರ್ಜಾನಿನ ಮೇಲೆ ಗೋಕರ್ಣ ಸೇರಲು ನಲವತ್ತು ಕಿಲೋಮೀಟರಿಗೂ ಹೆಚ್ಚು ಆಗುತ್ತದೆ. ಆ ಸುತ್ತಿನಲ್ಲಿ ಮಿರ್ಜಾನ್ ಕೋಟೆ ಸಿಗುವುದರಿಂದ ಅದೂ ಪೂರ್ತಿ ನಷ್ಟವಲ್ಲ. ಕಾಳುಮೆಣಸಿನ ವ್ಯಾಪಾರದಿಂದಾಗಿ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಕೋಟೆ ಅದು.

ದೋಣಿ ನಡುನೀರಿಗೆ ಬಂದಾಗ ಒಮ್ಮೆ ಪೂರ್ವಕ್ಕೆ ತಿರುಗಿ ನೋಡಬೇಕು. ಶಿರಸಿಯ ಕಡೆಯಿಂದ ಹರಿದು, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ ಬರುವ ಅಘನಾಶಿನಿಗೆ ಅಣೆಕಟ್ಟು ಇಲ್ಲ. ಅದರ ಹರಿವಿಗೆ ಅಡ್ಡಿಯಿಲ್ಲದಿರುವುದರಿಂದಲೇ ಈ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರುಗಳ ಲೆಕ್ಕ ತಪ್ಪಿಲ್ಲ. ಇಳಿತದ ಹೊತ್ತಿನಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಗಳನ್ನು ಹೆಕ್ಕುವವರು ಕಾಣುತ್ತಾರೆ. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುತ್ತ ಬಂದಿದ್ದಾರೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳಾದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಅಷ್ಟು ಹೊತ್ತು ಎಂಜಿನ್ ಆಫ್ ಆಗಿರುವುದರಿಂದ ನೀರಿನ, ಹಕ್ಕಿಗಳ, ಜೊತೆಯವರ ಮಾತಿನ ಸದ್ದು ಕಿವಿಗೆ ಬೀಳುತ್ತದೆ. ಹೆದ್ದಾರಿಯ ಸೇತುವೆಯ ಮೇಲೆ ಅರವತ್ತರ ವೇಗದಲ್ಲಿ ಇದೇ ನದಿಯನ್ನು ದಾಟಿದವರಿಗೆ ಇದಾವುದೂ ತಿಳಿಯುವುದಿಲ್ಲ.

ತದಡಿಯಿಂದ ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು ಸಿಗುತ್ತವೆ. ಬೇಸಿಗೆಯ ತಿಂಗಳುಗಳಲ್ಲಿ ಬಿಳಿಯ ಗುಪ್ಪೆಗಳು ಎದ್ದಿರುತ್ತವೆ. ಇಲ್ಲಿನ ಉಪ್ಪು ತಯಾರಿಕೆ ಬಹಳ ಹಳೆಯ ಕಸುಬು. ಗೋಕರ್ಣದ ಪೇಟೆಯೊಳಗೆ ಬೈಕ್ ನುಗ್ಗಿಸದೆ, ಹೊರಗೆ ನಿಲ್ಲಿಸಿ ನಡೆದುಹೋಗುವುದು ಎಲ್ಲರಿಗೂ ಹಿತ. ಮುಂದೆ ಮಾದನಗೇರಿಯಲ್ಲಿ ಹೆದ್ದಾರಿ ಸೇರಿ, 1930ರ ಉಪ್ಪಿನ ಸತ್ಯಾಗ್ರಹದ ಅಂಕೋಲಾವನ್ನು ದಾಟಿದ ಮೇಲೆ ಬೆಟ್ಟಗಳು ಸಮುದ್ರದ ಹತ್ತಿರ ಹತ್ತಿರ ಸರಿಯುತ್ತವೆ. ಅಮದಳ್ಳಿ, ಅರ್ಗಾ, ಬಿಣಗಾ ಭಾಗದಲ್ಲಿ ರಸ್ತೆ ಏರಿಳಿಯುತ್ತದೆ, ಅಲ್ಲಲ್ಲಿ ಇಣುಕುವ ಕೊಲ್ಲಿಗಳ ನೋಟ ನಮ್ಮ ರಾಜ್ಯದಲ್ಲಿ ಬೇರೆಲ್ಲೂ ಇಲ್ಲದಂಥದು. ಅರ್ಗಾದ ಸುತ್ತ ನೌಕಾನೆಲೆ ಇದೆ, ಅಲ್ಲಿ ನಿಂತು ಫೋಟೋ ತೆಗೆಯಬಾರದು. ಯುವಕರಾಗಿದ್ದ ರವೀಂದ್ರನಾಥ ಟ್ಯಾಗೋರರು ಬಂದು ತಂಗಿದ್ದ ಕಾರವಾರದ ಕಡಲತೀರಕ್ಕೆ ಈಗ ಅವರದೇ ಹೆಸರಿದೆ. ಸೂರ್ಯಾಸ್ತಕ್ಕೆ ಅಲ್ಲಿ ಇರುವಂತೆ ಸಮಯ ಹೊಂದಿಸಿಕೊಳ್ಳಿ.

ಒಂದು ಮಾತನ್ನು ಅನುಭವದಿಂದ ಹೇಳುತ್ತೇನೆ. ಒಮ್ಮೆ ನಾವಿಬ್ಬರು ಕುಮಟಾದಲ್ಲಿ ಊಟಕ್ಕೆ ತಡ ಮಾಡಿ, ಸಂಜೆ ಜೆಟ್ಟಿಗೆ ಬಂದಾಗ ಇಳಿತ ಜೋರಾಗಿತ್ತು. ದೋಣಿಗೂ ಕಟ್ಟೆಗೂ ನಡುವಿನ ಎತ್ತರ ಬೆಳಿಗ್ಗೆಗಿಂತ ಬಹಳ ಹೆಚ್ಚಾಗಿತ್ತು, ಬೈಕನ್ನು ನಾಲ್ವರು ಎತ್ತಿ ಇಳಿಸಬೇಕಾಯಿತು. ಅವರು ಮುಖ ಸಿಂಡರಿಸದೆ ಎತ್ತಿಕೊಟ್ಟರು, ಆದರೆ ನಮ್ಮ ಅಜಾಗರೂಕತೆಗೆ ಅವರು ಬೆನ್ನು ಬಗ್ಗಿಸಬೇಕಾಯಿತಲ್ಲ ಎಂಬ ಸಂಕೋಚ ನನಗೆ ಈಗಲೂ ಇದೆ. ಅಂದಿನಿಂದ ಹೊರಡುವ ಮುನ್ನ ಪಂಚಾಂಗ ನೋಡುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ನಡುವಿನ ವ್ಯತ್ಯಾಸ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಸಣ್ಣ ದೋಣಿಯ ದಾರಿಗೆ ಅಷ್ಟಮಿಯ ದಿನಗಳೇ ಅನುಕೂಲ.

ಪಣಜಿಯ ಸುತ್ತ: ಅರ್ಧ ದಿನದಲ್ಲಿ ಮೂರು ನೀರು

ದೋಣಿಗಳೇ ಮುಖ್ಯ, ರಸ್ತೆ ನಿಮಿತ್ತ ಎನ್ನುವವರಿಗೆ ಗೋವೆ ಸರಿಯಾದ ಜಾಗ. ಅಲ್ಲಿ ನದಿ ಸಾರಿಗೆಗೆಂದೇ ಸರ್ಕಾರದ ಪ್ರತ್ಯೇಕ ಇಲಾಖೆ ಇದೆ. ಪಣಜಿಯಿಂದ ಮಾಂಡೋವಿಯ ಅಂಚಿನಲ್ಲಿ, ಹದಿನೇಳನೆಯ ಶತಮಾನದಲ್ಲಿ ಪೋರ್ಚುಗೀಸರು ಕಟ್ಟಿದ ಮೂರು ಕಿಲೋಮೀಟರಿಗೂ ಉದ್ದದ ಕಲ್ಲಿನ ಏರಿಯ ಮೇಲೆ ರಿಬಂದರಿಗೆ ಹೋಗಿ, ಚೋರಾಂವ್ ದ್ವೀಪಕ್ಕೆ ದಾಟಬಹುದು. ಇಳಿದ ತಕ್ಷಣವೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸಲೀಂ ಅಲಿ ಪಕ್ಷಿಧಾಮ. ದ್ವೀಪವನ್ನು ಹಾದು ಮಯೆಂ ಕಡೆಯಿಂದ ನಾರ್ವೆ ಎಂಬ ಊರಿಗೆ ಹೋದರೆ ಸಪ್ತಕೋಟೇಶ್ವರ ದೇವಾಲಯ ಸಿಗುತ್ತದೆ. ಗೋವೆಯ ಕದಂಬರ ಕುಲದೈವವಾದ ಸಪ್ತಕೋಟೇಶ್ವರನ ಮೂಲ ದೇವಾಲಯ ದಿವಾರ್ ದ್ವೀಪದಲ್ಲಿತ್ತು. ಅದು ನಾಶವಾದ ಮೇಲೆ ದೇವರು ನದಿ ದಾಟಿ ನಾರ್ವೆಗೆ ಬಂದ, 1668ರಲ್ಲಿ ಶಿವಾಜಿ ಮಹಾರಾಜರು ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದರು. ಹಲಸಿಯ ಕದಂಬರನ್ನು ಓದಿಕೊಂಡ ಕನ್ನಡಿಗರು ಇಲ್ಲಿ ನಿಲ್ಲದೆ ಹೋಗಲಾರರು. ಅಲ್ಲಿಂದ ಮತ್ತೊಂದು ಫೆರಿಯಲ್ಲಿ ದಿವಾರ್, ದಿವಾರಿನಿಂದ ಇನ್ನೊಂದರಲ್ಲಿ ಹಳೆಯ ಗೋವೆ. ದೇವರು ಬಂದ ನೀರನ್ನೇ ನಾವು ಹಿಮ್ಮುಖವಾಗಿ ದಾಟುತ್ತೇವೆ.

ಇಡೀ ಸುತ್ತು ಐವತ್ತು ಕಿಲೋಮೀಟರಿನ ಆಸುಪಾಸು, ಬಾಡಿಗೆ ಸ್ಕೂಟರೇ ಸಾಕು. ಬಾಡಿಗೆಗೆ ಪಡೆಯುವಾಗ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ವಾಹನವನ್ನೇ ಪಡೆಯಬೇಕು, ಖಾಸಗಿ ಫಲಕದ ವಾಹನ ಕೊಟ್ಟರೆ ಒಪ್ಪಬಾರದು. ಆದರೆ ಇಲ್ಲಿ ನೆನಪಿಡಬೇಕಾದ ಸಂಗತಿ, ಇದು ನದಿಯ ಪ್ರಯಾಣ, ಸಮುದ್ರದ್ದಲ್ಲ. ಸಮುದ್ರವೇ ಬೇಕೆಂದರೆ ಮಧ್ಯಾಹ್ನದ ನಂತರ ಮೋರ್ಜಿಂ, ಹರಮಲ್ ಮೇಲೆ ಕೇರಿಗೆ ಹೋಗಿ, ಅಲ್ಲಿಂದ ಫೆರಿಯಲ್ಲಿ ತೇರೆಖೋಲ್ ಕೋಟೆಗೆ ದಾಟಬಹುದು. ಆ ದೋಣಿ ಇಳಿತದಲ್ಲಿ ನಿಲ್ಲುವುದುಂಟು, ಹೋದ ಮೇಲೆ ಮರಳುವ ದೋಣಿಯ ಸಮಯವನ್ನು ಇಳಿಯುವಾಗಲೇ ಕೇಳಿಕೊಳ್ಳಬೇಕು.

ರತ್ನಾಗಿರಿಯಿಂದ ಹರ್ಣೈ: ಒಂದು ದಿನ, ಆದರೆ ಮರಳುವ ದಿನ ಬೇರೆ

ರಸ್ತೆ, ದೋಣಿ, ಸಮುದ್ರ ಮೂರೂ ಸಮ ಪಾಲಿನಲ್ಲಿ ಸಿಗುವುದು ಇಲ್ಲಿ. ರತ್ನಾಗಿರಿಯಿಂದ ಆರೆ–ವಾರೆಯ ಜೋಡಿ ಕಡಲತೀರಗಳ ಮೇಲಿನ ದಾರಿ ಹಿಡಿದು ಗಣಪತಿಪುಳೆ, ಅಲ್ಲಿಂದ ಜಯಗಡ. ಜಯಗಡದಿಂದ ಶಾಸ್ತ್ರಿ ನದಿಯ ಖಾರಿಯನ್ನು, ಅಂದರೆ ಅಳಿವೆಯನ್ನು, ಫೆರಿಯಲ್ಲಿ ದಾಟಿ ತವಸಾಳ. ಮುಂದೆ ಹೆದವಿ, ವೇಳಣೇಶ್ವರ, ಗುಹಾಗರ. ಗುಹಾಗರದ ಆಚೆ ಧೋಪಾವೆಯಿಂದ ವಾಶಿಷ್ಠಿ ನದಿಯನ್ನು ದಾಟಿ ದಾಭೋಳ. ದಾಭೋಳ ವಿಜಯಪುರದ ಆದಿಲ್‌ಶಾಹಿಗಳ ಕಾಲದ ಪ್ರಮುಖ ಬಂದರು. ಜೆಟ್ಟಿಯ ಸಮೀಪದಲ್ಲೇ ಇರುವ ಹದಿನೇಳನೆಯ ಶತಮಾನದ ಮಸೀದಿಯನ್ನು ನೋಡಿದಾಗ ವಿಜಯಪುರದ ಗುಮ್ಮಟಗಳ ಬಂಧುತ್ವ ತಾನಾಗಿ ಕಾಣುತ್ತದೆ. ದಾಪೋಲಿ ದಾಟಿ ಹರ್ಣೈ ಸೇರಿದರೆ ಎದುರಿಗೆ ಸಮುದ್ರದೊಳಗಿನ ಸುವರ್ಣದುರ್ಗ. ಮರಾಠರ ಸೈನಿಕ ಭೂದೃಶ್ಯಗಳ ಭಾಗವಾಗಿ 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕೋಟೆ.

ದೂರ 150 ಕಿಲೋಮೀಟರಿನ ಆಸುಪಾಸು ಎಂದು ಕೇಳಿ ಮಧ್ಯಾಹ್ನಕ್ಕೆ ಮುಗಿಸಬಹುದೆಂದು ಭಾವಿಸಬಾರದು. ಪ್ರತಿ ಖಾರಿಗೂ ರಸ್ತೆ ಇಳಿದು, ಮತ್ತೆ ಮುರಕಲ್ಲಿನ ಬಯಲಿಗೆ ಏರುತ್ತದೆ. ಬಸ್ಸು ಎದುರಾದರೆ ನಿಲ್ಲಬೇಕಾದಷ್ಟು ಕಿರಿದು, ಸರಾಸರಿ ವೇಗ ಗಂಟೆಗೆ ಮೂವತ್ತು ಮೀರುವುದಿಲ್ಲ. ಇಲ್ಲಿನ ಫೆರಿಗಳು ಬಸ್ಸು, ಕಾರುಗಳನ್ನು ಹೊರುವಷ್ಟು ದೊಡ್ಡವು, ವೇಳಾಪಟ್ಟಿಯ ಪ್ರಕಾರ ಓಡುತ್ತವೆ. 2003ರಲ್ಲಿ ದಾಭೋಳ–ಧೋಪಾವೆ ಫೆರಿ ಶುರುವಾಗುವ ಮೊದಲು ಗುಹಾಗರದಿಂದ ದಾಪೋಲಿಗೆ ಚಿಪಳೂಣದ ಮೇಲೆ ಬಹಳ ದೂರ ಸುತ್ತಬೇಕಿತ್ತು. ಈಗಲೂ ಒಂದು ಫೆರಿ ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಎರಡೂ ತಪ್ಪಿದರೆ ಹರ್ಣೈಯ ಸೂರ್ಯಾಸ್ತವೂ ತಪ್ಪಿತು. ಬೆಳಗಾವಿ, ಹುಬ್ಬಳ್ಳಿಯವರು ಮುನ್ನಾದಿನವೇ ಕೊಲ್ಹಾಪುರ, ಅಂಬಾ ಘಾಟಿನ ಮೂಲಕ ರತ್ನಾಗಿರಿ ತಲುಪಿ ತಂಗಿ, ಬೆಳಿಗ್ಗೆ ಆರಕ್ಕೆ ಹೊರಟರೆ ಮಾತ್ರ ಇದು ಒಂದು ದಿನದ ಪ್ರಯಾಣವಾಗುತ್ತದೆ.

ದೋಣಿ ಹತ್ತುವಾಗ

ಯಾವ ದಾರಿಯಾದರೂ ಅಪಾಯ ಹೆಚ್ಚಿರುವುದು ಹಲಗೆಯ ಮೇಲಿನ ಆ ಹತ್ತು ಅಡಿಗಳಲ್ಲಿ. ಒದ್ದೆ ಕಬ್ಬಿಣ, ಅದರ ಮೇಲೆ ಮೀನಿನ ಜಿಡ್ಡು ಮತ್ತು ಪಾಚಿ. ಹಿಂದೆ ಕುಳಿತವರನ್ನು ಇಳಿಸಿ ನಡೆದು ಬರಲು ಹೇಳಬೇಕು. ಮೊದಲ ಗೇರಿನಲ್ಲಿ, ನೇರವಾಗಿ, ನಿಧಾನವಾಗಿ, ಎರಡೂ ಕಾಲುಗಳನ್ನು ಕೆಳಗೆ ಬಿಟ್ಟುಕೊಂಡು ಹೋಗಬೇಕು. ಮುಂದಿನ ಬ್ರೇಕನ್ನು ಮುಟ್ಟಲೇಬಾರದು, ಹ್ಯಾಂಡಲನ್ನು ಹಲಗೆಯ ಮೇಲೆ ತಿರುಗಿಸಬಾರದು. ನನ್ನ ಜೊತೆಗಾರರೊಬ್ಬರು ಇದೇ ತಪ್ಪು ಮಾಡಿ ಬಿದ್ದು ಮಣಿಕಟ್ಟು ಮುರಿದುಕೊಂಡರು, ವೇಗ ನಡಿಗೆಯಷ್ಟೂ ಇರಲಿಲ್ಲ. ಒಳಗೆ ಹೋದ ಮೇಲೆ ಎಂಜಿನ್ ನಿಲ್ಲಿಸಿ, ಬೈಕನ್ನು ಗೇರಿನಲ್ಲೇ ಬಿಟ್ಟು, ದೋಣಿ ದಡ ಮುಟ್ಟುವವರೆಗೆ ಅದರ ಪಕ್ಕದಲ್ಲೇ ಹಿಡಿದು ನಿಲ್ಲಬೇಕು. ಚಿತ್ರ ತೆಗೆಯಲು ಅಂಚಿಗೆ ಹೋದವರ ಬೈಕು ಅಲೆಗೆ ವಾಲಿ ಪಕ್ಕದವರ ಕಾಲಿನ ಮೇಲೆ ಬೀಳುತ್ತದೆ. ಚಿಲ್ಲರೆ ಹಣ ಕಿಸೆಯಲ್ಲಿರಲಿ, ಮೊಬೈಲಿನ ಸಿಗ್ನಲ್ಲು ಅಳಿವೆಯ ಬಾಯಿಯಲ್ಲಿ ಹಲವು ಸಲ ಇರುವುದಿಲ್ಲ. ಉಪ್ಪುಗಾಳಿಯಲ್ಲಿ ಒಂದು ದಿನ ಓಡಿದ ಬೈಕನ್ನು ಮರುದಿನವೇ ಸಿಹಿನೀರಿನಲ್ಲಿ ತೊಳೆದು ಸರಪಳಿಗೆ ಎಣ್ಣೆ ಹಾಕಬೇಕು, ವಾರ ಬಿಟ್ಟರೆ ತುಕ್ಕು ಹಿಡಿದಿರುತ್ತದೆ.

ಯಾರಿಗೆ ಯಾವುದು

ಜೊತೆಯಲ್ಲಿ ಕುಟುಂಬದವರಿದ್ದರೆ, ಬೈಕ್ ಭಾರದ್ದಾಗಿದ್ದರೆ ಕೋಡಿಬೆಂಗ್ರೆಯ ದಾರಿ. ಕೈಯಲ್ಲಿ ಅರ್ಧ ದಿನ, ಬಾಡಿಗೆ ಸ್ಕೂಟರ್, ಇತಿಹಾಸದಲ್ಲಿ ಆಸಕ್ತಿ ಇದ್ದರೆ ದಿವಾರ್ ಮತ್ತು ನಾರ್ವೆ. ಇಡೀ ದಿನ ಬೈಕ್ ಓಡಿಸುವ ಸಂತೋಷವೇ ಮುಖ್ಯವಾಗಿದ್ದು, ಮುಂಚೆ ಒಂದು ದಿನ ನಂತರ ಒಂದು ದಿನ ರಜೆ ಸಿಗುವಂತಿದ್ದರೆ ರತ್ನಾಗಿರಿ. ಒಬ್ಬರೇ ಅಥವಾ ಇಬ್ಬರು, ಹಗುರವಾದ ಬೈಕುಗಳಲ್ಲಿ, ಅವಸರವಿಲ್ಲದೆ ಹೋಗುವವರಾದರೆ ಅಘನಾಶಿನಿಯ ತಾರಿಗೆ ಸಮನಾದುದು ಇನ್ನೊಂದಿಲ್ಲ.

ನಾಲ್ಕನ್ನೂ ಮಾಡಬೇಕೆಂದಿರುವವರು ಕೊಂಕಣದ ರತ್ನಾಗಿರಿ ದಾರಿಯಿಂದ ಆರಂಭಿಸುವುದು ಸೂಕ್ತ. ರೇವಸ್–ರೆಡ್ಡಿ ಕರಾವಳಿ ಹೆದ್ದಾರಿಯ ಯೋಜನೆಯಲ್ಲಿ ಅಲ್ಲಿನ ದೊಡ್ಡ ಖಾರಿಗಳ ಮೇಲೆ ಸೇತುವೆಗಳು ಬರಲಿವೆ, ಜಯಗಡ ಮತ್ತು ದಾಭೋಳ ಎರಡೂ ಆ ಸಾಲಿನಲ್ಲಿವೆ. ಬರುವ ಡಿಸೆಂಬರಿನಲ್ಲಿ ಅಷ್ಟಮಿಯ ಸಮೀಪದ ಒಂದು ದಿನವನ್ನು ಗುರುತು ಮಾಡಿಕೊಂಡು, ಬೆಳಿಗ್ಗೆ ಎಂಟರ ಹೊತ್ತಿಗೆ ಜಯಗಡದ ಜೆಟ್ಟಿಯಲ್ಲಿ ಇರುವಂತೆ ರತ್ನಾಗಿರಿಯಿಂದ ಹೊರಡಿ.